ಭೋಗವಿಲ್ಲದ ಕ್ರಯ: ಮೊಂತೆವೆರ್ದೆ ಸಂರಕ್ಷಣ ಸಂಘದ ನಾಲ್ಕು ದಶಕಗಳು

ನಮ್ಮ ನಾಡಿನ ಹಳೆಯ ದಾನಶಾಸನಗಳನ್ನೂ ಕ್ರಯಶಾಸನಗಳನ್ನೂ ಓದಿದವರಿಗೆ, ಭೂಮಿಯೊಂದು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟುವಾಗ ಅದರೊಡನೆ ದಾಟುತ್ತಿದ್ದ ಎಂಟು ಬಗೆಯ ಸ್ವಾಮ್ಯಗಳ ಪರಿಚಯವಿದ್ದೇ ಇರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳು. ನೆಲದೊಳಗೆ ಹುದುಗಿರುವುದು, ನೆಲದ ಮೇಲೆ ಹರಿಯುವುದು, ಈಗ ಕೈಗೆ ಬಂದಿರುವುದು, ಮುಂದೆ ಬರಬಹುದಾದುದು, ಇವೆಲ್ಲವೂ ಪಡೆದವನಿಗೆ ಸಲ್ಲುವುವೆಂದೂ, ಅವನೂ ಅವನ ಸಂತತಿಯವರೂ ಆಚಂದ್ರಾರ್ಕವಾಗಿ ಅನುಭವಿಸಿಕೊಂಡು ಬರತಕ್ಕದ್ದೆಂದೂ ಬರೆದು, ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ಹೇಳಿ, ಸಾಕ್ಷಿಗಳ ಒಪ್ಪವನ್ನು ಹಾಕಿಸಿ ಮುಗಿಸುತ್ತಿದ್ದ ಆ ಸೇನಬೋವರು, ಈ ಎಂಟನ್ನೂ ಪೂರ್ಣ ಬೆಲೆ ತೆತ್ತು ಕೊಂಡು ಅವುಗಳಲ್ಲಿ ಒಂದನ್ನೂ ಅನುಭವಿಸದೆ ಇರುವುದಕ್ಕಾಗಿಯೇ ಹುಟ್ಟಿದ ಸಂಸ್ಥೆಯೊಂದು ಮುಂದೊಂದು ದಿನ ಭೂಮಿಯ ಮೇಲೆ ಕಾಣಿಸಿಕೊಳ್ಳಬಹುದೆಂದು ಊಹಿಸಿರಲಾರರು. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ, ತಿಲಾರಾನ್ ಪರ್ವತಶ್ರೇಣಿಯ ಬೆನ್ನಿನ ಮೇಲೆ, 1986ರಲ್ಲಿ ಸ್ಥಾಪಿತವಾದ ಮೊಂತೆವೆರ್ದೆ ಸಂರಕ್ಷಣ ಸಂಘವು ಅಂಥ ಸಂಸ್ಥೆ. ಅದರ ನಾಲ್ಕು ದಶಕಗಳ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಸಂಘದ ಚರಿತ್ರೆ 1986ರಲ್ಲಿ ಆರಂಭವಾಗುವುದಾದರೂ ಅದರ ಬೇರು ಇನ್ನೂ ಹಿಂದಕ್ಕೆ, ಇನ್ನೊಂದು ದೇಶದ ಸೆರೆಮನೆಯವರೆಗೆ ಹೋಗುತ್ತದೆ. ಅಮೆರಿಕದ ಅಲಬಾಮ ಪ್ರಾಂತದ ಫೇರ್‌ಹೋಪ್ ಎಂಬ ಊರಿನಲ್ಲಿದ್ದ ಕ್ವೇಕರ್ ಪಂಥದವರು ಯುದ್ಧವನ್ನು ಪಾಪವೆಂದು ಬಗೆದವರು. ಆ ಸಮುದಾಯದ ನಾಲ್ವರು ತರುಣರು ಸೈನ್ಯಸೇವೆಯ ಪಟ್ಟಿಯಲ್ಲಿ ಹೆಸರು ಬರೆಯಿಸಲು ಒಪ್ಪದೆ 1949ರಲ್ಲಿ ಶಿಕ್ಷೆಗೆ ಗುರಿಯಾದರು. ಸೈನ್ಯಕ್ಕೆ ತೆರಿಗೆ ತೆರಬೇಕಾದ ನಾಡಿನಲ್ಲಿ ಇನ್ನು ಇರಲಾರೆವೆಂದು ನಿಶ್ಚಯಿಸಿದ ಹತ್ತಾರು ಕುಟುಂಬಗಳು, 1948ರಲ್ಲಿ ತನ್ನ ಸೈನ್ಯವನ್ನೇ ವಿಸರ್ಜಿಸಿದ್ದ ಕೋಸ್ಟರಿಕಾವನ್ನು ಹುಡುಕಿಕೊಂಡು ಬಂದು, 1951ರಲ್ಲಿ ಎತ್ತಿನ ಗಾಡಿಯ ದಾರಿಯಷ್ಟೇ ಇದ್ದ ಒಂದು ಮಲೆಯ ಮೇಲೆ ಭೂಮಿಯನ್ನು ಕೊಂಡು ನೆಲೆನಿಂತು, ಅದಕ್ಕೆ 'ಹಸುರುಮಲೆ' ಎಂಬರ್ಥದ ಮೊಂತೆವೆರ್ದೆ ಎಂಬ ಹೆಸರನ್ನಿಟ್ಟರು. ಅವರು ಋಷಿಗಳಲ್ಲ, ರೈತರು. ಮರ ಕಡಿದು ಹುಲ್ಲುಗಾವಲು ಮಾಡಿದರು, ಹಸು ಕಟ್ಟಿದರು, ಕೆಳಗಿನ ಪೇಟೆಗೆ ಹಾಲು ಸಾಗಿಸಲು ದಾರಿಯಿಲ್ಲದ್ದರಿಂದ ಗಿಣ್ಣಿನ ಕಾರ್ಖಾನೆಯನ್ನು ಕಟ್ಟಿದರು. ಆದರೆ ತಮ್ಮ ಊರಿಗೆ ನೀರು ಕೊಡುವ ಗ್ವಾಸಿಮಾಲ್ ನದಿಯ ಮೂಲ ಬತ್ತಿದರೆ ಹಸುವೂ ಉಳಿಯದು, ಊರೂ ಉಳಿಯದು ಎಂಬುದನ್ನು ಬಲ್ಲವರಾಗಿ, ಕೊಂಡ ಭೂಮಿಯಲ್ಲಿ ಶಿಖರದ ಬಳಿಯ 554 ಹೆಕ್ಟೇರ್ ಕಾಡನ್ನು ಹಂಚಿಕೊಳ್ಳದೆ, ಕೊಡಲಿಯಿಕ್ಕದೆ, ಸಾಮುದಾಯಿಕವಾಗಿ ಉಳಿಸಿಕೊಂಡರು. ಈ ನಾಡಿನವನಿಗೆ ಇದು ಅಪರಿಚಿತವಾದ ವಿವೇಕವಲ್ಲ. ಕೊಡಗಿನ ದೇವರಕಾಡುಗಳೂ ಮಲೆನಾಡಿನ ಊರೊಟ್ಟಿನ ಕಾನುಗಳೂ ಇದೇ ಬುದ್ಧಿಯ ಫಲಗಳು.

ಇಪ್ಪತ್ತು ವರ್ಷಗಳ ತರುವಾಯ ಈ ಮಲೆಗೆ ಹಕ್ಕಿಗಳನ್ನು ಅಧ್ಯಯನ ಮಾಡಲು ಬಂದ ಜಾರ್ಜ್ ಪವೆಲ್ ಎಂಬ ವಿದ್ಯಾರ್ಥಿಯೂ ಆತನ ಪತ್ನಿ ಹ್ಯಾರಿಯೆಟ್ಟರೂ, ಶಿಖರದ ಸುತ್ತಣ ಮಂಜುಗಾಡು ದಿನದಿನಕ್ಕೆ ಕೊರೆದುಹೋಗುತ್ತಿರುವುದನ್ನು ಕಂಡು, ಫೇರ್‌ಹೋಪಿನಲ್ಲಿ ಸೆರೆಗೆ ಹೋದವರಲ್ಲಿ ಒಬ್ಬರಾದ ವಿಲ್ಫರ್ಡ್ ಗಿಂಡನ್ ಎಂಬ ರೈತನ ನೆರವಿನಿಂದ ತುಂಡುತುಂಡಾಗಿ ಭೂಮಿಯನ್ನು ಸಂಪಾದಿಸಿದರು. 1972ರಲ್ಲಿ 328 ಹೆಕ್ಟೇರುಗಳಿಂದ ಮೊದಲಾದ ಈ ರಕ್ಷಿತಾರಣ್ಯದ ಆಡಳಿತವನ್ನು ಸಾನ್ ಹೋಸೆಯ ಉಷ್ಣವಲಯ ವಿಜ್ಞಾನ ಕೇಂದ್ರವು ವಹಿಸಿಕೊಂಡಿತು. ಕ್ವೇಕರರ ನೀರಿನ ಕಾಡೂ ಬಳಿಕ ಗೇಣಿಯ ಮೇಲೆ ಅದರೊಳಗೆ ಸೇರಿತು. ಒಂದು ಕಾಲಕ್ಕೆ ಇದೇ ಕಾಡನ್ನು ತನ್ನ ಕೈಯಾರೆ ಕಡಿದು ಗೋಮಾಳ ಮಾಡಿದ್ದ ಗಿಂಡನ್, ಆಮೇಲಿನ ದಶಕಗಳಲ್ಲಿ ಅದೇ ಕಾಡಿನ ಗಡಿಗಳನ್ನು ಸವರಿ ಜಾಡು ತೆಗೆಯುತ್ತ ಅದರ ಕಾವಲುಗಾರನಾಗಿ ಮುದುಕನಾದ. ಸಂಸ್ಥೆಗಳ ಚರಿತ್ರೆಯಲ್ಲಿ ಠರಾವುಗಳಿಗಿಂತ ಇಂಥ ಮನಃಪರಿವರ್ತನೆಗಳೇ ದೊಡ್ಡ ಘಟನೆಗಳು.

ಹಾಗಾದರೆ ಇನ್ನೊಂದು ಸಂಘದ ಅವಶ್ಯಕತೆಯೇನಿತ್ತು? ಅದನ್ನು ತಿಳಿಯಲು ಆ ಕಾಲದ ಕೋಸ್ಟರಿಕಾದ ಭೂಮಿಯ ನ್ಯಾಯವನ್ನು ಸ್ವಲ್ಪ ನೋಡಬೇಕು. ಅಲ್ಲಿ ಕಾಡಾಗಿಯೇ ಬಿಟ್ಟ ನೆಲವು ಯಾರೂ ದಿಕ್ಕಿಲ್ಲದ ನೆಲವೆಂದೂ, ಮರವನ್ನು ಕಡಿದು ಸುಟ್ಟು ಹುಲ್ಲು ಬೆಳೆಸಿದವನು ನೆಲವನ್ನು 'ಸುಧಾರಿಸಿದವನು' ಎಂದೂ ಎಣಿಸುವ ರೂಢಿ ಬಲವಾಗಿತ್ತು. ಬಗರ್‌ಹುಕುಂ ಸಾಗುವಳಿಯ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದರ ಒಳಸುಳಿಗಳನ್ನು ವಿವರಿಸಬೇಕಾಗಿಲ್ಲ: ಸ್ವಾಧೀನಕ್ಕೆ ಪುರಾವೆ ಬೇಕು, ಪುರಾವೆಯೆಂದರೆ ಕಡಿದ ಮರದ ಬುಡ. ಇದರ ಮೇಲೆ ಅಮೆರಿಕದ ಮಾಂಸದ ಪೇಟೆಗಾಗಿ ದನ ಸಾಕುವವರಿಗೆ ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು. ಹೀಗಾಗಿ, ಶತಮಾನದ ಮಧ್ಯದಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ನೆಲವನ್ನು ಹೊದೆದುಕೊಂಡಿದ್ದ ಕಾಡು 1980ರ ದಶಕದ ಹೊತ್ತಿಗೆ ಕಾಲುಭಾಗದ ಆಸುಪಾಸಿಗೆ ಇಳಿಯಿತು. ಸರ್ಕಾರವು ನಕ್ಷೆಯ ಮೇಲೆ ರಕ್ಷಿತವಲಯಗಳನ್ನು ಬರೆಯಿತು, ನಿಜ; ಆದರೆ ಆ ಗೆರೆಯೊಳಗೆ ಸಿಕ್ಕಿಕೊಂಡ ಭೂಮಾಲಿಕರಿಗೆಲ್ಲ ಪರಿಹಾರ ಕೊಡುವಷ್ಟು ಹಣ ಅದರ ಬೊಕ್ಕಸದಲ್ಲಿ ಇರಲಿಲ್ಲ. ಕಡಿಯಕೂಡದು, ಮಾರಲಾಗದು ಎಂಬ ಸ್ಥಿತಿಗೆ ಬಂದ ಬಡ ಒಕ್ಕಲಿಗನಿಗೆ ಕಾಡು ಶತ್ರುವಾಗದೆ ಮತ್ತೇನಾದೀತು?

ಈ ಬಿಕ್ಕಟ್ಟಿನ ನಡುವೆ ಊರಿನ ನಿವಾಸಿಗಳೂ ಅಲ್ಲಿ ಕೆಲಸ ಮಾಡುತ್ತಿದ್ದ ಜೀವವಿಜ್ಞಾನಿಗಳೂ ಕೂಡಿ 1986ರಲ್ಲಿ ಸಂಘವನ್ನು ಕಟ್ಟಿದರು. ಅವರ ಕಣ್ಣು ಮೊದಲು ಬಿದ್ದುದು ಜಲವಿಭಾಜಕದ ಆಚೆ, ಕೆರಿಬಿಯನ್ ಸಮುದ್ರದತ್ತ ಇಳಿಯುವ ಪೆನ್ಯಾಸ್ ಬ್ಲಾಂಕಾಸ್ ಕಣಿವೆಯ ಮೇಲೆ. ಶಿಖರದ ರಕ್ಷಿತಾರಣ್ಯಕ್ಕೂ ಕೆಳಗಿನ ಮಳೆಕಾಡಿಗೂ ನಡುವೆ ಸೇತುವೆಯಂತಿದ್ದ ಆ ಕಣಿವೆಯಲ್ಲಿ ಕೆಲವು ಒಕ್ಕಲುಗಳು ಹಿಡುವಳಿ ಹೊಂದಿದ್ದುವು. ಅವರನ್ನು ದಬ್ಬದೆ, ಅವರ ಮೇಲೆ ದಾವೆ ಹೂಡದೆ, ಮನೆಬಾಗಿಲಿಗೆ ಹೋಗಿ ಬೆಲೆ ಕುದುರಿಸಿ ಕೊಳ್ಳುವುದೆಂದು ಸಂಘವು ಗೊತ್ತುಮಾಡಿತು. ಮಾರುವವನು ತನ್ನ ಇಚ್ಛೆಯಿಂದ ಮಾರಬೇಕು, ಕೊಳ್ಳುವವನು ನ್ಯಾಯವಾದ ಬೆಲೆಯಿಂದ ಕೊಳ್ಳಬೇಕು ಎಂಬ ಈ ಸರಳ ತತ್ತ್ವದಲ್ಲಿ ಯುದ್ಧವನ್ನೊಲ್ಲದ ಕ್ವೇಕರ್ ಮನೋಧರ್ಮದ ಛಾಯೆಯನ್ನು ಕಾಣುವುದು ತಪ್ಪಾಗಲಾರದು. ಅರಣ್ಯರಕ್ಷಣೆಯೆಂಬುದು ಲೋಕದಲ್ಲಿ ಹಲವೆಡೆ ಬಡವರನ್ನು ಎಬ್ಬಿಸುವ ಕಾರ್ಯವಾಗಿ ಪರಿಣಮಿಸಿರುವುದನ್ನು ನೆನೆದಾಗ, ಕ್ರಯವೆಂಬ ಈ ಲೌಕಿಕ ವ್ಯವಹಾರದಲ್ಲೂ ಒಂದು ಬಗೆಯ ಅಹಿಂಸೆ ಅಡಗಿರುವುದು ಗೋಚರವಾಗುತ್ತದೆ.

ಆದರೆ ಹಣ? ಅದು ಬಂದ ಬಗೆ ಈ ಚರಿತ್ರೆಯ ಅತ್ಯಂತ ರಮ್ಯವಾದ ಅಧ್ಯಾಯ. 1987ರಲ್ಲಿ ಶರನ್ ಕಿನ್ಸ್‌ಮನ್ ಎಂಬ ಜೀವವಿಜ್ಞಾನಿ, ಮೊಂತೆವೆರ್ದೆಯಲ್ಲಿ ತಾವು ಕಂಡ ಕಾಡಿನ ಚಿತ್ರಗಳನ್ನು ಸ್ವೀಡನ್ ದೇಶದ ಫಾಗರ್ವಿಕ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ತೋರಿಸಿ, ಆ ಕಾಡು ಹೇಗೆ ನಶಿಸುತ್ತಿದೆಯೆಂಬುದನ್ನು ಮಕ್ಕಳಿಗೆ ವಿವರಿಸಿದರು. ಎಹಾ ಕೆರ್ನ್ ಎಂಬ ಉಪಾಧ್ಯಾಯಿನಿಯ ಆ ತರಗತಿಯಲ್ಲಿ ಒಂಬತ್ತು ವರ್ಷದ ರೋಲಂಡ್ ಟೀನ್ಸು ಎಂಬ ಹುಡುಗನು, ದೊಡ್ಡವರು ಸಾಮಾನ್ಯವಾಗಿ ಕೇಳಲು ನಾಚುವ ಪ್ರಶ್ನೆಯನ್ನು ಕೇಳಿದ: ಅದನ್ನು ಉಳಿಸಲು ನಾವೇನು ಮಾಡಬಹುದು? ಕೊಂಡುಕೊಳ್ಳಬಹುದೆಂಬ ಉತ್ತರ ತಿಳಿದೊಡನೆ ಮಕ್ಕಳು ನಾಟಕವಾಡಿ, ತಿಂಡಿ ಮಾರಿ, ಹಾಡಿ ಕುಣಿದು ಹಣವನ್ನು ಕೂಡಿಸಿದರು. ಮೊದಲ ಗಳಿಕೆ ಸುಮಾರು 6 ಹೆಕ್ಟೇರ್ ಕಾಡಿನ ಬೆಲೆಯಷ್ಟಾಯಿತು. ಎಂದೂ ನೋಡದ, ಬಹುಮಂದಿ ಎಂದಿಗೂ ನೋಡಲಾರದ ಕಾಡೊಂದಕ್ಕಾಗಿ ಕಾಸು ಕೂಡಿಸಿದ ಈ ಮಕ್ಕಳ ಸುದ್ದಿ ಶಾಲೆಯಿಂದ ಶಾಲೆಗೆ, ದೇಶದಿಂದ ದೇಶಕ್ಕೆ ಹಬ್ಬಿತು. ಸ್ವೀಡನ್ನಿನಲ್ಲಿ 'ಮಕ್ಕಳ ಮಳೆಕಾಡು' ಎಂಬ ಸಂಸ್ಥೆ ಹುಟ್ಟಿತು. ಇಂಗ್ಲೆಂಡ್, ಜರ್ಮನಿ, ಜಪಾನ್, ಅಮೆರಿಕಗಳಲ್ಲಿ ಅಂಥವೇ ಕೂಟಗಳು ಎದ್ದುವು. ಕಡೆಗೆ 44 ದೇಶಗಳ ಮಕ್ಕಳ ಕಾಣಿಕೆ ಮೊಂತೆವೆರ್ದೆಗೆ ಬಂದು ಸೇರಿತು. 1991ರಲ್ಲಿ ಆ ಉಪಾಧ್ಯಾಯಿನಿಗೂ ಆ ಹುಡುಗನಿಗೂ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು.

ಸಂಘವು ಆ ಹಣದಿಂದ ಕೊಂಡ ಕಾಡಿಗೆ 'ಬೋಸ್ಕೆ ಎತೆರ್ನೊ ದೆ ಲೋಸ್ ನಿನ್ಯೋಸ್' ಎಂದು ಹೆಸರಿಟ್ಟಿತು: ಮಕ್ಕಳ ಶಾಶ್ವತಾರಣ್ಯ. ನಮ್ಮ ಶಾಸನಕಾರನಾಗಿದ್ದರೆ ಆಚಂದ್ರಾರ್ಕ ಎಂಬ ಮಾತನ್ನು ಬಳಸುತ್ತಿದ್ದ. 6 ಹೆಕ್ಟೇರುಗಳ ಕನಸಾಗಿ ಮೊಳೆತ ಆ ಕಾಡು ಈಗ ಸುಮಾರು 22,600 ಹೆಕ್ಟೇರುಗಳಷ್ಟು ಹರಡಿ, ಆ ದೇಶದ ಖಾಸಗಿ ರಕ್ಷಿತಾರಣ್ಯಗಳಲ್ಲೆಲ್ಲ ದೊಡ್ಡದೆನಿಸಿದೆ. ಈ ವಿಸ್ತಾರಕ್ಕಿಂತಲೂ ಮುಖ್ಯವಾದುದು ಅದರ ಆಕೃತಿ. ಬಿಡಿಬಿಡಿಯಾಗಿ ಬಿದ್ದಿದ್ದ ಮಂಜುಗಾಡಿನ ರಕ್ಷಿತಾರಣ್ಯ, ಅರೆನಾಲ್ ಜ್ವಾಲಾಮುಖಿಯ ರಾಷ್ಟ್ರೀಯ ಉದ್ಯಾನ ಮೊದಲಾದ ಕಾಡುಗಳ ನಡುವಣ ಎಡೆಗಳನ್ನು ಅದು ತುಂಬಿ, ಬೇರೆಬೇರೆ ಒಡೆತನದ ಅರಣ್ಯಗಳನ್ನು ಒಂದೇ ಹಚ್ಚಡದಂತೆ ಹೊಲಿದಿದೆ. ಹರಿದ ಬಟ್ಟೆಗೆ ತೇಪೆ ಹಾಕುವವಳು ತೇಪೆಯ ಅಂದವನ್ನು ನೋಡುವುದಿಲ್ಲ, ಹರುಕಿನ ಅಂಚನ್ನು ನೋಡುತ್ತಾಳೆ. ಹಾಗೆ ಸಂಘದವರೂ ಯಾವ ತುಂಡು ಹೆಚ್ಚು ಸೊಗಸೆಂಬುದಕ್ಕಿಂತ ಯಾವ ತುಂಡು ಯಾವುದನ್ನು ಯಾವುದಕ್ಕೆ ಕೂಡಿಸುತ್ತದೆಂಬುದನ್ನು ನೋಡಿ ಕೊಂಡರು.

ಆದರೆ ಇದೇ ವೇಳೆಗೆ, ಕ್ರಯಪತ್ರದ ಶಕ್ತಿಗೆ ಮಿತಿಯುಂಟೆಂಬುದನ್ನು ಎರಡು ಜೀವಿಗಳು ಬೇರೆಬೇರೆ ರೀತಿಯಲ್ಲಿ ಅವರಿಗೆ ತಿಳಿಸಿದುವು.

ಮೊದಲನೆಯದು ಹೊಂಬಣ್ಣದ ಒಂದು ಕಪ್ಪೆ. 1966ರಲ್ಲಿ ಜೇ ಸ್ಯಾವೇಜ್ ಎಂಬ ವಿಜ್ಞಾನಿ ಲೋಕಕ್ಕೆ ಪರಿಚಯಿಸಿದ ಈ ಪ್ರಾಣಿ ಮೊಂತೆವೆರ್ದೆಯ ಶಿಖರದ ಕೆಲವೇ ಚದರ ಕಿಲೋಮೀಟರುಗಳನ್ನು ಬಿಟ್ಟು ಭೂಮಂಡಲದಲ್ಲಿ ಮತ್ತೆಲ್ಲಿಯೂ ಇರಲಿಲ್ಲ. ಆ ನೆಲವಾದರೋ ಆಗಲೇ ಸುರಕ್ಷಿತವಾಗಿ ಕೈಸೇರಿತ್ತು. 1987ರ ಮೊದಲ ಮಳೆಗೆ ಮರದ ಬೇರುಗಳ ಸಂದಿನ ಚಿಕ್ಕ ಚಿಕ್ಕ ಗುಂಡಿಗಳಲ್ಲಿ 1,500ಕ್ಕೂ ಹೆಚ್ಚು ಕಪ್ಪೆಗಳು ಕೂಡಿದ್ದುದನ್ನು ಎಣಿಸಿದವರು ಮರುವರ್ಷ ಹತ್ತನ್ನು ಮಾತ್ರ ಕಂಡರು, 1989ರಲ್ಲಿ ಒಂದನ್ನು ಕಂಡರು, ಆಮೇಲೆ ಕಂಡವರಿಲ್ಲ. ಆ ವರ್ಷಗಳ ಬರಗಾಲವನ್ನೂ ಉಭಯಜೀವಿಗಳನ್ನು ಕೊಲ್ಲುವ ಚರ್ಮದ ಬೂಷ್ಟುರೋಗವನ್ನೂ ಇದಕ್ಕೆ ಕಾರಣವಾಗಿ ಹೇಳುತ್ತಾರೆ. ಮುಂದೆ 1999ರಲ್ಲಿ ಅಲನ್ ಪೌಂಡ್ಸ್ ಮತ್ತು ಸಂಗಡಿಗರು, ಆ ಮಲೆಯಲ್ಲಿ ಮಂಜು ತಾಗದ ಒಣದಿನಗಳು ವರ್ಷವರ್ಷಕ್ಕೆ ಹೆಚ್ಚುತ್ತಿರುವುದನ್ನು ಪ್ರಕಟಿಸಿದರು. ಅಷ್ಟಭೋಗದ ಪಟ್ಟಿಯಲ್ಲಿ ಜಲವುಂಟು, ಪಾಷಾಣವುಂಟು, ವಾಯುವಿಲ್ಲ. ಮೋಡ ಎಷ್ಟು ಎತ್ತರದಲ್ಲಿ ತೇಲಬೇಕೆಂಬುದನ್ನು ಯಾವ ನೋಂದಣಿ ಕಚೇರಿಯಲ್ಲೂ ಬರೆಯಿಸಿಕೊಳ್ಳಲಾಗದು.

ಎರಡನೆಯದು ಕ್ವೆಟ್ಸಾಲ್ ಎಂಬ ಮರಕತವರ್ಣದ, ನೀಳಗರಿಯ ಪಕ್ಷಿ. ನಮ್ಮ ಬೆಣ್ಣೆಹಣ್ಣಿಗೂ ದಾಲ್ಚಿನ್ನಿಗೂ ದಾಯಾದಿಗಳಾದ ಕಾಡುಮರಗಳ ಹಣ್ಣೇ ಅದಕ್ಕೆ ಮುಖ್ಯವಾದ ಆಹಾರ. ಪಕ್ಷಿಯ ಮೈಗೆ ಪುಟ್ಟ ರೇಡಿಯೋ ಯಂತ್ರವನ್ನು ಕಟ್ಟಿ ಅದರ ಬೆನ್ನುಹತ್ತಿದ ಪವೆಲ್, ಮಂಜುಗಾಡಿನಲ್ಲಿ ಮರಿ ಮಾಡಿದ ಮೇಲೆ ಅದು ಶಾಂತಸಾಗರದ ಕಡೆಯ ಇಳಿಜಾರಿಗೆ, ಅಂದರೆ ದನದ ಗೋಮಾಳಗಳ ನಡುವೆ ಅಲ್ಲಲ್ಲಿ ಉಳಿದಿರುವ ಸಣ್ಣಪುಟ್ಟ ಕಾಡುತುಂಡುಗಳಿಗೆ, ಹಣ್ಣನ್ನರಸಿ ಇಳಿಯುತ್ತದೆಂಬುದನ್ನು 1990ರ ದಶಕದಲ್ಲಿ ಕಂಡುಕೊಂಡರು. ಗಂಟೆಯ ದನಿಯ, ಕೊಕ್ಕಿನಿಂದ ಮೂರು ಜೋಲುಗಳು ತೂಗುವ ಘಂಟಾಪಕ್ಷಿಯ ಸಂಚಾರವಂತೂ ಇನ್ನೂ ವಿಸ್ತಾರವಾದುದು. ಅದು ದೇಶದ ಗಡಿಯನ್ನೇ ದಾಟಿ ನಿಕರಾಗುವದವರೆಗೂ ಹೋಗಿಬರುತ್ತದೆ. ಕೋಟಿ ಕಾಸು ಸುರಿದು ಶಿಖರವನ್ನೆಲ್ಲ ಕೊಂಡರೂ, ಪಕ್ಷಿಯ ವರ್ಷದ ಅರ್ಧಭಾಗ ಸಂಘದ ಚಕ್ಕುಬಂದಿಯ ಹೊರಗೇ ಕಳೆಯುತ್ತಿತ್ತು! ಕೆಳಗಿನ ಆ ಇಳಿಜಾರಾದರೋ ತಲೆಮಾರುಗಳಿಂದ ಒಕ್ಕಲಾದ ರೈತರ ನೆಲ. ಅದನ್ನೆಲ್ಲ ಕೊಳ್ಳುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ.

ಇಲ್ಲಿ ಸಂಘವು ತೋರಿದ ಜಾಣ್ಮೆ ಸ್ಮರಣಾರ್ಹವಾದುದು. ಆ ಮಲೆಯ ಬೇಸಗೆಯಲ್ಲಿ ಬೀಸುವ ಗಾಳಿ ಹುಲ್ಲನ್ನೊಣಗಿಸಿ ಹಸುವಿನ ಹಾಲನ್ನು ಇಳಿಸುತ್ತದೆ. ರೈತನಿಗೆ ಕಾಡಿನ ಚಿಂತೆ ಇಲ್ಲದಿದ್ದರೂ ಹಾಲಿನ ಚಿಂತೆ ಇದ್ದೇ ಇರುತ್ತದೆ. ಸಂಘವು 1980ರ ದಶಕದ ಕೊನೆಯಿಂದ ಸಸಿಗಳನ್ನು ಬೆಳೆಸಿ, ಅವನ ಗೋಮಾಳದ ಅಂಚಿನಲ್ಲಿ ಸಾಲುಮರಗಳ ಗಾಳಿತಡೆಗಳನ್ನು ನೆಡಲು ನೆರವಾಯಿತು. ನೆಲ ರೈತನದಾಗಿಯೇ ಉಳಿಯಿತು, ಹಸುವಿಗೆ ನೆರಳು ಸಿಕ್ಕಿತು, ಆ ಸಾಲಿನುದ್ದಕ್ಕೂ ಹಕ್ಕಿಗಳು ಕಾಡಿನಿಂದ ಕಾಡಿಗೆ ಹಾಯತೊಡಗಿದುವು. ಕಾಡಿಗೆ ತಾಗಿಕೊಂಡಿರುವ ಗಾಳಿತಡೆಗಳ ಅಡಿಯಲ್ಲಿ, ದೂರದಲ್ಲಿ ಒಂಟಿಯಾಗಿ ನಿಂತವುಗಳ ಅಡಿಯಲ್ಲಿರುವುದಕ್ಕಿಂತ ಹೆಚ್ಚು ಕಾಡುಮರಗಳ ಸಸಿಗಳು ತಾವಾಗಿ ಎದ್ದಿರುವುದನ್ನು ಸೀಲಿಯಾ ಹಾರ್ವೆ ಎಂಬ ವಿದ್ವಾಂಸೆ ಅಧ್ಯಯನ ಮಾಡಿ ತೋರಿಸಿದರು. ಈ ಅನುಭವವೇ ಮುಂದೆ ಹಲವು ಸಂಸ್ಥೆಗಳು ಸೇರಿ ಶಿಖರದಿಂದ ನಿಕೋಯಾ ಕೊಲ್ಲಿಯ ಕಾಂಡ್ಲಾವನದವರೆಗೆ ರೂಪಿಸಿದ, ಘಂಟಾಪಕ್ಷಿಯ ಹೆಸರನ್ನೇ ಹೊತ್ತ ಜೀವಪಥದ ಕಲ್ಪನೆಗೆ ಒಂದು ಮೆಟ್ಟಿಲಾಯಿತು.

ಇನ್ನು ಸಂಸ್ಥೆಯ ಒಳಬಾಳಿನ ಮಾತು. ಭೂಮಿಯನ್ನು ಕೊಳ್ಳುವುದಕ್ಕೆ ದಾನಿಗಳು ದೊರೆತಷ್ಟು ಸುಲಭವಾಗಿ ಕೊಂಡ ಭೂಮಿಯನ್ನು ಕಾಯುವುದಕ್ಕೆ ದೊರೆಯುವುದಿಲ್ಲವೆಂಬುದು ಇಂಥ ಸಂಘಗಳೆಲ್ಲದರ ಕಹಿಯಾದ ಅನುಭವ. ಗಡಿ ಸವರಬೇಕು, ಬೇಟೆಗಾರನನ್ನೂ ಒತ್ತುವರಿದಾರನನ್ನೂ ತಡೆಯಬೇಕು, ದಿನಗಟ್ಟಲೆ ಕೆಸರಿನಲ್ಲಿ ನಡೆಯುವ ಕಾವಲುಗಾರನಿಗೆ ತಿಂಗಳು ತಿಂಗಳೂ ಸಂಬಳವಾಗಬೇಕು. 1990ರ ದಶಕದ ಮಧ್ಯದಲ್ಲಿ ಲೋಕದ ಉತ್ಸಾಹ ಇಳಿಮುಖವಾದಾಗ ಸಂಘಕ್ಕೆ ಈ ಸತ್ಯ ಚೆನ್ನಾಗಿ ಮನದಟ್ಟಾಯಿತು. ಆಗ ಅದಕ್ಕೆ ಆಸರೆಯಾಗಿ ಬಂದುದು, ತಾನು ಅನುಭವಿಸದೆ ಬಿಟ್ಟಿದ್ದ ಅಷ್ಟಭೋಗಗಳಲ್ಲಿ ಒಂದಾದ ಜಲವೇ ಎಂಬುದು ಸೋಜಿಗ. 1996ರ ಅರಣ್ಯ ಕಾನೂನಿನ ಮೂಲಕ ಕೋಸ್ಟರಿಕಾ ಸರ್ಕಾರವು, ಕಾಡನ್ನು ಕಾಡಾಗಿಯೇ ಇಟ್ಟುಕೊಂಡವನು ನೀರು, ಗಾಳಿ, ಜೀವವೈವಿಧ್ಯ, ಪ್ರಕೃತಿಸೌಂದರ್ಯ ಎಂಬ ನಾಲ್ಕು ಉಪಕಾರಗಳನ್ನು ಸಮಾಜಕ್ಕೆ ಮಾಡುತ್ತಾನೆಂದು ಒಪ್ಪಿ, ಅದಕ್ಕೆ ಪ್ರತಿಫಲ ಕೊಡಲು ತೊಡಗಿತು. 1998ರಲ್ಲಿ ಲಾ ಮಂಗೇರಾ ಎಂಬ ಜಲವಿದ್ಯುತ್ ಕಂಪೆನಿಯು, ತನ್ನ ಯಂತ್ರವನ್ನು ತಿರುಗಿಸುವ ಹೊಳೆಯ ಮೇಲ್ಭಾಗದ ಸುಮಾರು 3,000 ಹೆಕ್ಟೇರ್ ಕಾಡನ್ನು ಕಾಯುತ್ತಿರುವುದಕ್ಕಾಗಿ ಸಂಘಕ್ಕೆ ವರ್ಷವರ್ಷವೂ ಹಣ ಸಲ್ಲಿಸುವ 99 ವರ್ಷಗಳ ಕರಾರಿಗೆ ಸಹಿ ಹಾಕಿತು. ಮರ ಕಡಿದವನೇ ಸುಧಾರಕನೆಂದ ನಾಡು ಒಂದೇ ತಲೆಮಾರಿನಲ್ಲಿ ಮರವನ್ನು ನಿಲ್ಲಿಸಿಕೊಂಡವನಿಗೆ ಬಾಡಿಗೆ ಕೊಡುವ ನಾಡಾದುದು ಸಾಮಾನ್ಯವಾದ ಪಲ್ಲಟವಲ್ಲ.

ಕನ್ನಡ ನಾಡಿನಲ್ಲೂ ಇಂಥ ಪ್ರಯತ್ನಗಳು ಇಲ್ಲದಿಲ್ಲ. 1991ರಲ್ಲಿ ದಕ್ಷಿಣ ಕೊಡಗಿನಲ್ಲಿ 55 ಎಕರೆಯಿಂದ ಮೊದಲುಮಾಡಿ, ಪಾಳುಬಿದ್ದ ತೋಟಗಳನ್ನು ಒಂದೊಂದಾಗಿ ಕೊಂಡು ಸುಮಾರು 300 ಎಕರೆ ಕಾಡನ್ನು ಮರಳಿಸಿದ ಅನಿಲ್ ಮತ್ತು ಪಮೇಲಾ ಮಲ್ಹೋತ್ರ ದಂಪತಿಗಳ ಅಭಯಾರಣ್ಯವಿದೆ. ರೊಮ್ಯುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯ ಮಳೆಕಾಡಿನ ಮಗ್ಗುಲಲ್ಲಿ ಸ್ಥಾಪಿಸಿದ ಸಂಶೋಧನಾ ಕೇಂದ್ರವಿದೆ. ಮಳೆಕಾಡಿನ ಸೀಮೆಯಲ್ಲದಿದ್ದರೂ, ಚಾಮರಾಜನಗರ ಜಿಲ್ಲೆಯ ಎಡೆಯಾರಳ್ಳಿ-ದೊಡ್ಡಸಂಪಿಗೆ ಆನೆದಾರಿಯ ಸುಮಾರು 25 ಎಕರೆಯನ್ನು ಭಾರತೀಯ ವನ್ಯಜೀವಿ ಟ್ರಸ್ಟು ರೈತರಿಂದ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದ ನಿದರ್ಶನವೂ ಇದೆ. ಇವು ಕೈಬೆರಳೆಣಿಕೆಯಲ್ಲಿ ನಿಂತುದಕ್ಕೆ ಬುದ್ಧಿಯ ಕೊರತೆಗಿಂತ ಕಾನೂನಿನ ಕಾರಣವೂ ಉಂಟು. ಉಳುವವನ ನೆಲ ಉಳ್ಳವನ ಪಾಲಾಗದಿರಲೆಂಬ ಸದುದ್ದೇಶದಿಂದ ನಮ್ಮ ಭೂಸುಧಾರಣಾ ಕಾಯಿದೆಯ 79-ಎ, 79-ಬಿ ಕಲಮುಗಳು ಕೃಷಿಕರಲ್ಲದವರಿಗೂ ಸಂಘಸಂಸ್ಥೆಗಳಿಗೂ ಕೃಷಿಭೂಮಿಯ ಬಾಗಿಲನ್ನು ಮುಚ್ಚಿದ್ದುವು. 2020ರಲ್ಲಿ ಅವು ರದ್ದಾದ ಮೇಲೆ ಆ ಬಾಗಿಲು ತೆರೆದಿದೆ. ಆದರೆ ತೆರೆದ ಬಾಗಿಲಲ್ಲಿ ಕಾಡು ಉಳಿಸುವವನಿಗಿಂತ ಮೊದಲು ರೆಸಾರ್ಟ್ ಕಟ್ಟುವವನು ಬಂದು ನಿಂತಿರುತ್ತಾನೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಮೊಂತೆವೆರ್ದೆಯ ಚರಿತ್ರೆಯಿಂದ ನಾವು ಕಲಿಯತಕ್ಕುದು, ಹಣವಿದ್ದವನು ಕಾಡು ಕೊಂಡರೆ ಕಾಡು ಉಳಿಯಿತೆಂಬ ಸುಲಭಸೂತ್ರವನ್ನಂತೂ ಅಲ್ಲ. ಮಾರುವವನ ಮಾನ ಉಳಿಯಬೇಕು, ನೆರೆಯ ಒಕ್ಕಲಿಗನಿಗೆ ಅದರಿಂದ ಹಾಲೋ ನೆರಳೋ ದಕ್ಕಬೇಕು, ಕೊಂಡ ಮೇಲೆ ಕಾಯುವವನ ಕೂಲಿ ತಪ್ಪದಿರಬೇಕು. ಇಷ್ಟಾದ ಮೇಲೂ ಮೋಡವು ನಮ್ಮ ಮಾತನ್ನು ಕೇಳದೆಂಬ ವಿನಯವಿರಬೇಕು. ಫಾಗರ್ವಿಕ್ಕಿನ ಆ ತರಗತಿಯ ಮಕ್ಕಳು ಈಗ ನಡುವಯಸ್ಸನ್ನು ಮುಟ್ಟಿದ್ದಾರೆ. ಅವರು ಕೊಂಡ 6 ಹೆಕ್ಟೇರುಗಳಿಗೆ ಇಂದು ಅಲ್ಲಿ ಪ್ರತ್ಯೇಕವಾದ ಗುರುತಿಲ್ಲ, ಬೇಲಿಯಿಲ್ಲ. ಆ ನೆಲ ಸುತ್ತಲಿನ ಕಾಡಿನಲ್ಲಿ ಕಲೆತುಹೋಗಿದೆ. ಹಳೆಯ ಶಾಸನಗಳ ಎಂಟು ಭೋಗಗಳಲ್ಲಿ 'ಆಗಾಮಿ' ಎಂಬುದೊಂದಿದೆಯಷ್ಟೆ, ಮುಂದೆ ಬರತಕ್ಕುದು ಎಂದು ಅದರ ಅರ್ಥ. ಆ ಮಕ್ಕಳು ತೆತ್ತ ಬೆಲೆಗೆ ದೊರೆತುದು ಅದೊಂದೇ, ಅದೂ ತಮಗಾಗಿ ಅಲ್ಲ.